ಸಂಬಂಧ ಇದ್ದವರು ಹೊರಗೆ ನಿಲ್ಲಬೇಕು

ನನ್ನ ಮಾತು ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಈಗಾಗಲೇ ಎರಡು ಸಲ ಕಿವಿಯಲ್ಲಿ ಕೇಳಿರುವ ನಮ್ಮ ಬಳಗದ ಅಧ್ಯಕ್ಷರಾದ ಶ್ರೀ ಕರಿಬಸವಯ್ಯನವರೇ, ವೇದಿಕೆಯ ಮೇಲಿರುವ ಗೌರವಾನ್ವಿತ ಅತಿಥಿಗಳೇ, ಕಾರ್ಯಕಾರಿ ಸಮಿತಿಯ ಹಿರಿಯರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಮೂವರು ಅರ್ಜಿದಾರರೇ, ಊಟದ ಹಾಲಿನ ಬಾಗಿಲ ಕಡೆಗೆ ಕುರ್ಚಿ ತಿರುಗಿಸಿಕೊಂಡು ಕುಳಿತಿರುವ ನನ್ನ ಆತ್ಮೀಯ ಸಭಿಕರೇ, ಎಲ್ಲರಿಗೂ ಶರಣು.

ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ಒಂದು ವಿಷಯ ಮುದ್ರಿಸಿದ್ದಾರೆ. 'ಆಸ್ಟ್ರೇಲಿಯಾದ ಉದ್ದಿಮೆಗಳಿಗೆ ಸರ್ಕಾರಿ ಅನುದಾನದ ಅವಕಾಶಗಳು.' ಬನಶಂಕರಿ ಎರಡನೇ ಹಂತದ ಸಭಾಭವನದಲ್ಲಿ ಕುಳಿತವರಿಗೆ ಇದರಿಂದ ಏನಾಗಬೇಕಾಗಿದೆ? ನಮ್ಮಲ್ಲಿ ಯಾರಾದರೂ ಸಿಡ್ನಿಯಲ್ಲಿ ಅಂಗಡಿ ಇಟ್ಟಿದ್ದಾರೆಯೇ? ಇಲ್ಲ. ಇಡುವ ಯೋಚನೆ ಇದೆಯೇ? ನನಗೆ ತಿಳಿದ ಮಟ್ಟಿಗೆ ಅದೂ ಇಲ್ಲ. ಹಾಗಾದರೆ ಈ ಭಾಷಣ ಏಕೆ?

ಏಕೆಂದರೆ ಕಳೆದ ಭಾನುವಾರ ನಮ್ಮ ಕಾರ್ಯಕಾರಿ ಸಮಿತಿ ಇಡಿಯಾಗಿ ಬಳಗದ ಕಚೇರಿಯ ಹೊರಗೆ ವರಾಂಡದಲ್ಲಿ ನಿಂತಿತ್ತು. ಒಳಗೆ ಹೊಸ ಸದಸ್ಯರಾದ ಗೂಳಪ್ಪನವರು ಒಬ್ಬರೇ ಇದ್ದರು. ಇದನ್ನು ರಸ್ತೆಯಲ್ಲಿ ಹೋಗುವವರು ನೋಡಿದ್ದಾರೆ. ಸಂಜೆಯ ಹೊತ್ತಿಗೆ ಕತ್ರಿಗುಪ್ಪೆಯಲ್ಲಿ ಸಮಿತಿ ಒಡೆದುಹೋಯಿತು ಎಂದು ಸುದ್ದಿಯಾಯಿತು. ಹೊಸಕೆರೆಹಳ್ಳಿ ತಲುಪುವ ಹೊತ್ತಿಗೆ ಗೂಳಪ್ಪನವರು ಬಾಗಿಲು ಹಾಕಿಕೊಂಡು ಕೂತುಬಿಟ್ಟಿದ್ದಾರೆ ಎಂದಾಯಿತು. ಹಾಗೇನೂ ಆಗಲಿಲ್ಲ. ಆದದ್ದು ಆಸ್ಟ್ರೇಲಿಯಾದ ಒಂದು ನಿಯಮದಿಂದ. ಅದನ್ನು ಇಲ್ಲಿಗೆ ತಂದವನು ನಾನು. ಆದ್ದರಿಂದ ವಿವರಿಸುವ ಹೊಣೆಯೂ ನನ್ನದೇ ಎಂದು ಅಧ್ಯಕ್ಷರು ತೀರ್ಮಾನಿಸಿದ್ದಾರೆ.

ಸಭಿಕರೇ, ನನ್ನ ಹೆಸರು ವಿಜಯಕುಮಾರ್ ಎನ್ನುವುದು ನಿಮಗೆ ಗೊತ್ತು. ನಾನು ಏನು ಕೆಲಸ ಮಾಡುತ್ತೇನೆ ಎನ್ನುವುದು ನನ್ನ ಮಾವನವರಿಗೂ ಸರಿಯಾಗಿ ಗೊತ್ತಿಲ್ಲ. ಅವರು ಕೇಳಿದವರಿಗೆಲ್ಲ 'ಫಾರಿನ್ ಅರ್ಜಿ ಬರೀತಾನೆ' ಎನ್ನುತ್ತಾರೆ. ನೋಡಿದರೆ ಅದು ಸರಿಯಾದ ಮಾತೇ. ಜೆ.ಪಿ. ನಗರದಲ್ಲಿ ಒಂದು ಬೇಕರಿಯ ಮಹಡಿಯ ಮೇಲೆ ನಮ್ಮ ಆಫೀಸಿದೆ. ಅಲ್ಲಿ ಕುಳಿತು ನಾವು ಆಸ್ಟ್ರೇಲಿಯಾದ ಸಣ್ಣ ಸಣ್ಣ ಉದ್ದಿಮೆಗಳ ಪರವಾಗಿ ಅಲ್ಲಿನ ಸರ್ಕಾರಕ್ಕೆ ಅರ್ಜಿ ಬರೆಯುತ್ತೇವೆ. ಅಲ್ಲಿ ಕೇಂದ್ರ ಸರ್ಕಾರ ಕೊಡುವ ಅನುದಾನಗಳಿವೆ, ರಾಜ್ಯ ಸರ್ಕಾರಗಳು ಕೊಡುವುದಿದೆ, ಊರಿನ ಕೌನ್ಸಿಲ್ ಕೊಡುವುದೂ ಇದೆ. ಹೊರದೇಶಕ್ಕೆ ಮಾಲು ಕಳಿಸುವವರಿಗೆ ಒಂದು, ಕರೆಂಟು ಉಳಿಸುವ ಯಂತ್ರ ಹಾಕಿಸುವವರಿಗೆ ಒಂದು, ಕಾಡ್ಗಿಚ್ಚಿನಲ್ಲಿ ಅಂಗಡಿ ಕಳೆದುಕೊಂಡವರಿಗೆ ಇನ್ನೊಂದು. ಇದು ಸಾಲವಲ್ಲ, ತೀರಿಸಬೇಕಾಗಿಲ್ಲ. ಆದರೆ ಪುಕ್ಕಟೆಯೂ ಅಲ್ಲ. ಸಾಮಾನ್ಯವಾಗಿ ಒಂದು ಪಾಲು ಅವರು ಹಾಕಿದರೆ ಇನ್ನೊಂದು ಪಾಲು ನೀವು ಹಾಕಬೇಕು. ಯಂತ್ರ ಕೊಂಡೆವು ಎಂದು ಆಮೇಲೆ ತೋರಿಸಬೇಕು. ಅದರಿಂದ ಏನಾಯಿತು ಎಂದು ಹೇಳಬೇಕು.

ಅರ್ಜಿಯಲ್ಲಿ ಒಂದು ಪ್ರಶ್ನೆ ಹೆಚ್ಚುಕಡಿಮೆ ಯಾವಾಗಲೂ ಇರುತ್ತದೆ. ಈ ಅನುದಾನ ಸಿಗದಿದ್ದರೆ ನೀವು ಏನು ಮಾಡುತ್ತೀರಿ? ಬಹಳ ಜನ ಇಲ್ಲಿ ಎಡವುತ್ತಾರೆ. ವಿಕ್ಟೋರಿಯಾ ರಾಜ್ಯದ ಒಂದು ಸಣ್ಣ ಊರಿನಲ್ಲಿ ಬ್ರೆಡ್ ಮಾಡುವ ಒಬ್ಬ ಹೆಂಗಸು ನಮ್ಮ ಗಿರಾಕಿ. ಹೊಸ ಒಲೆಗೆ ಅರ್ಜಿ ಹಾಕುವಾಗ ಆಕೆ ಈ ಪ್ರಶ್ನೆಗೆ, ಹಳೇ ಒಲೆಯಲ್ಲೇ ಸುಡುತ್ತೇನೆ, ಇನ್ನೇನು ಮಾಡಲಿ ಎಂದು ಉತ್ತರ ಕೊಟ್ಟರು. ನಾನು ಫೋನಿನಲ್ಲಿ ಎಷ್ಟು ತಿಳಿಸಿ ಹೇಳಿದರೂ ಆ ಸಾಲನ್ನು ಬದಲಾಯಿಸಲು ಒಪ್ಪಲಿಲ್ಲ. ಸಿಗದಿದ್ದರೆ ಕೆಲಸವೇ ನಿಲ್ಲುತ್ತದೆ ಎಂದು ಬರೆದರೆ ಅದು ಸುಳ್ಳಾಗುತ್ತದಂತೆ. ಅನುದಾನ ಸಿಗಲಿಲ್ಲ. ಆಕೆ ಇವತ್ತಿಗೂ ಹಳೇ ಒಲೆಯಲ್ಲೇ ಬ್ರೆಡ್ ಮಾಡುತ್ತಿದ್ದಾರೆ, ಮತ್ತು ಪ್ರತಿ ಕ್ರಿಸ್‌ಮಸ್ಸಿಗೆ ನಮ್ಮ ಆಫೀಸಿಗೆ ಶುಭಾಶಯ ಕಳಿಸುತ್ತಾರೆ. ಅಂಥ ಹಟಮಾರಿಗಳನ್ನು ನಾನು ಮನೆಯಲ್ಲೂ ನೋಡಿದ್ದೇನೆ. ಅದು ಈಗ ಬೇಡ.

ಆಸ್ಟ್ರೇಲಿಯಾದ ಗಡಿಯಾರ ನಮಗಿಂತ ಮುಂದೆ ಇರುತ್ತದೆ. ಇಲ್ಲಿ ಬೆಳಕು ಹರಿಯುವ ಮೊದಲೇ ಅಲ್ಲಿ ಅಂಗಡಿ ಬಾಗಿಲು ತೆರೆದಿರುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಕತ್ರಿಗುಪ್ಪೆಯಲ್ಲಿ ಒಬ್ಬರ ಮನೆಯಲ್ಲಿದ್ದೆ. ಹಾಲಿನವನು ಬರುವ ಮೊದಲೇ ಎದ್ದು ಹೊರಡಬೇಕಿತ್ತು. ನಾನು ಏಳುವ ಮೊದಲೇ ಆ ಮನೆಯ ಯಜಮಾನಿ ಎದ್ದಿರುತ್ತಿದ್ದರು. ಉಪ್ಪಿಟ್ಟಿನ ಡಬ್ಬಿ ಕಟ್ಟಿ ಬಾಗಿಲ ಬಳಿ ಇಟ್ಟು, 'ಡಬ್ಬಿ ಬಿಟ್ಟು ಬರ್ಬೇಡ ಆಫೀಸಲ್ಲಿ' ಎಂದು ದಿನಾ ಹೇಳುತ್ತಿದ್ದರು. ನಾನು ದಿನಾ ಬಿಟ್ಟು ಬರುತ್ತಿದ್ದೆ. ಅವರಿಗೆ ಆಗ ಎರಡು ಸಣ್ಣ ಮಕ್ಕಳು, ಗಂಡನಿಗೆ ಪಾಳಿ ಕೆಲಸ. ಈ ವಿಷಯಕ್ಕೂ ಅನುದಾನಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ನಾನೂ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ. ಮುಂದಕ್ಕೆ ಹೋಗೋಣ.

ಈ ವರ್ಷ ನಮ್ಮ ಬಳಗದವರು ಒಂದು ಒಳ್ಳೆಯ ನಿರ್ಧಾರ ಮಾಡಿದರು. ಪ್ರತಿ ವರ್ಷದ ಹಾಗೆ ಶಾಲು ಹೊದಿಸಿ, ಫಲತಾಂಬೂಲ ಕೊಟ್ಟು ಕಳಿಸುವುದರ ಬದಲು, ಮನೆಯಲ್ಲೇ ಸಣ್ಣ ಉದ್ಯಮ ನಡೆಸುವ ನಮ್ಮವರೊಬ್ಬರಿಗೆ ಒಂದು ಯಂತ್ರ ಕೊಳ್ಳಲು ಅನುದಾನ ಕೊಡಬೇಕು ಎಂದು. ಹೇಗೆ ಕೊಡುವುದು ಎಂಬ ಪ್ರಶ್ನೆ ಬಂದಾಗ ಅಧ್ಯಕ್ಷರು ನನ್ನ ಕಡೆ ನೋಡಿ, 'ನಿಮ್ಮ ಆಸ್ಟ್ರೇಲಿಯಾದೋರು ಹೆಂಗ್ ಮಾಡ್ತಾರೋ ಹಂಗೇ ಮಾಡಪ್ಪ, ಆಮೇಲೆ ಯಾರೂ ಬೊಟ್ಟು ಮಾಡಬಾರ್ದು' ಎಂದರು. ನಾನು ಹಾಗೇ ಮಾಡಿದೆ. ನಿಯಮಾವಳಿ ಬರೆದೆ. ಕೊನೆಯ ದಿನಾಂಕ ಹಾಕಿದೆ. ಅರ್ಧ ಪಾಲು ಅರ್ಜಿದಾರರದ್ದು ಎಂದೆ. ಮೂರು ಅರ್ಜಿ ಬಂದವು.

ಕತ್ರಿಗುಪ್ಪೆಯ ಈಶ್ವರಮ್ಮನವರದು ಹಿಟ್ಟಿನ ಗಿರಣಿ. ಗೋಧಿ, ಅಕ್ಕಿ ಬೀಸುವ ಯಂತ್ರದಲ್ಲೇ ರಾಗಿಯನ್ನೂ ಬೀಸಬೇಕಾಗಿದೆ, ರಾಗಿಗೆ ಬೇರೆಯೇ ಒಂದು ಬೇಕು ಎನ್ನುವುದು ಅವರ ಬೇಡಿಕೆ. ಜೆ.ಪಿ. ನಗರದ ಕೈಲಾಸ್ ಅವರದು ಸೈಕಲ್ ರಿಪೇರಿ ಅಂಗಡಿ. ಈಗ ಬ್ಯಾಟರಿ ಸೈಕಲ್‌ಗಳು ಬಂದಿವೆ, ಅವುಗಳ ದೋಷ ನೋಡುವ ಉಪಕರಣ ಬೇಕು ಎಂದರು. ಮೂರನೆಯವರು ಗಿರಿನಗರದ ಅರ್ಜಿದಾರರು. ಅವರು ಅಕ್ಕಪಕ್ಕದ ನಾಲ್ಕು ಹೆಂಗಸರನ್ನು ಸೇರಿಸಿಕೊಂಡು ಮನೆಯಲ್ಲಿ ಹೂಬತ್ತಿ ಮಾಡುತ್ತಾರೆ. ಜಯನಗರದ, ಗಾಂಧಿಬಜಾರಿನ ಪೂಜಾ ಸಾಮಾನಿನ ಗ್ರಂಥಿಗೆ ಅಂಗಡಿಗಳಿಗೆ ಕೊಡುತ್ತಾರೆ. ಅವರು ಬತ್ತಿ ಹೊಸೆಯುವ ಯಂತ್ರ ಕೇಳಿದ್ದರು. ಸಿಗದಿದ್ದರೆ ಏನು ಮಾಡುತ್ತೀರಿ ಎನ್ನುವ ಪ್ರಶ್ನೆಗೆ ಅವರ ಉತ್ತರ ಎರಡೇ ಪದ. 'ಕೈಯಲ್ಲೇ ಮಾಡುತ್ತೇವೆ.'

ಇನ್ನು ಆ ನಿಯಮಕ್ಕೆ ಬರುತ್ತೇನೆ. ಆಸ್ಟ್ರೇಲಿಯಾದಲ್ಲಿ ಅರ್ಜಿ ಆರಿಸಲು ಕುಳಿತವರು ಮೊದಲು ಒಂದು ಮಾತು ಹೇಳಬೇಕು. ಅರ್ಜಿದಾರರಲ್ಲಿ ನನಗೆ ಬೇಕಾದವರು ಯಾರಾದರೂ ಇದ್ದಾರೆಯೇ? ಇದ್ದರೆ ಎದ್ದು, ಇಂಥವರು ನನಗೆ ಇಂಥ ಸಂಬಂಧ ಎಂದು ಎಲ್ಲರೆದುರು ಹೇಳಿ, ಕೋಣೆಯಿಂದ ಹೊರಗೆ ಹೋಗಬೇಕು. ಉಳಿದವರು ತೀರ್ಮಾನ ಮಾಡುತ್ತಾರೆ. ಅಲ್ಲಿ ಇದು ಬಹಳ ಸರಳವಾಗಿ ನಡೆಯುತ್ತದೆ. ಒಬ್ಬರೋ ಇಬ್ಬರೋ ಎದ್ದು ಹೋಗಿ ಕಾಫಿ ಕುಡಿದು ಬರುತ್ತಾರೆ.

ನಮ್ಮಲ್ಲಿ ಏನಾಗುತ್ತದೆ ಎನ್ನುವುದನ್ನು ನಾನು ಮೊದಲೇ ಯೋಚಿಸಬೇಕಿತ್ತು. ನಮ್ಮ ಬಳಗದ ಇಬ್ಬರು ಮೊದಲ ಸಲ ಭೇಟಿಯಾದರೆ ಏನು ಮಾತಾಡುತ್ತಾರೆ? ನಿಮ್ಮದು ಯಾವ ಊರು, ನೀವು ಯಾರ ಕಡೆಯವರು. ಕಾಫಿ ಆರುವ ಮೊದಲು ಸಂಬಂಧ ಸಿಕ್ಕಿಬಿಡುತ್ತದೆ. ಸಿಗದಿದ್ದರೆ ಇಬ್ಬರಿಗೂ ಸಮಾಧಾನವಿಲ್ಲ. ಇಂಥ ಜನರಿಗೆ ನಾನು, ಸಂಬಂಧ ಇದ್ದವರು ಹೊರಗೆ ನಿಲ್ಲಬೇಕು ಎಂದು ನಿಯಮ ಓದಿದೆ.

ಮೊದಲು ಎದ್ದವರು ಸೋಮನಾಥ್ ಅವರು. ಕೈಲಾಸ್ ಅವರ ಸೋದರಮಾವ, ತಕರಾರಿಲ್ಲದೆ ಹೊರಗೆ ಹೋದರು. ಆಮೇಲೆ ರೇವಣಸಿದ್ದಪ್ಪನವರು. ಈಶ್ವರಮ್ಮನವರು ಅವರ ಬೀಗರ ಅಣ್ಣನ ಸೊಸೆಯ ತಾಯಿ. ಅಷ್ಟು ದೂರದ್ದು ಲೆಕ್ಕಕ್ಕೆ ಬರುತ್ತದೆಯೇ ಎಂದು ನನ್ನನ್ನು ಕೇಳಿದರು. ಸಭಿಕರೇ, ನಾನು ಏನು ಹೇಳಲಿ? ಆಸ್ಟ್ರೇಲಿಯಾದ ನಿಯಮಾವಳಿಯಲ್ಲಿ ಬೀಗರ ಪ್ರಸ್ತಾಪವೇ ಇಲ್ಲ. ನಾನು ಯೋಚಿಸುತ್ತಿರುವಾಗಲೇ ಅವರ ಪಕ್ಕದವರು, 'ಮದುವೇಲಿ ಸೀರೆ ಕೊಟ್ಟಿದ್ರಲ್ಲ, ಲೆಕ್ಕಕ್ಕೆ ಬಂದೇ ಬರುತ್ತೆ' ಎಂದರು. ಅವರೂ ಹೊರಗೆ. ಹೇಳಿದವರೂ ಹೊರಗೆ, ಏಕೆಂದರೆ ಸೀರೆ ಕೊಟ್ಟ ವಿಷಯ ಗೊತ್ತಿದೆ ಎಂದ ಮೇಲೆ ಅವರೂ ಆ ಮದುವೆಯವರೇ. ಹೀಗೆ ಒಬ್ಬರ ಹಿಂದೆ ಒಬ್ಬರು ಎದ್ದು ಹೋದರು. ಯಾರೂ ಬೇಸರದಿಂದ ಹೋಗಲಿಲ್ಲ. ಸಂಬಂಧ ಹೇಳಿಕೊಳ್ಳುವ ಅವಕಾಶ ಸಿಕ್ಕಿತೆಂದು ಸ್ವಲ್ಪ ಉತ್ಸಾಹದಿಂದಲೇ ಹೋದರು ಎಂದು ನನ್ನ ಅನಿಸಿಕೆ.

ಕೊನೆಗೆ ಮೂವರು ಉಳಿದೆವು. ಅಧ್ಯಕ್ಷರು, ನಾನು, ಗೂಳಪ್ಪನವರು. ಗೂಳಪ್ಪನವರು ಬಾಗಲಕೋಟೆ ಕಡೆಯವರು, ಬಿ.ಟಿ.ಎಂ. ಲೇಔಟಿನಲ್ಲಿ ಬಾಡಿಗೆಗೆ ಇದ್ದಾರೆ, ಹೋದ ವರ್ಷವಷ್ಟೇ ಬಳಗ ಸೇರಿದವರು. ಅವರಿಗೂ ನಮಗೂ ಸಂಬಂಧ ಹುಡುಕುವ ಪ್ರಯತ್ನ ನಡೆದೇ ಇದೆ, ಇನ್ನೂ ಸಿಕ್ಕಿಲ್ಲ. ಅಧ್ಯಕ್ಷರು ಎದ್ದು ಈಶ್ವರಮ್ಮನವರು ತಮ್ಮ ಹೆಂಡತಿಯ ಕಡೆಯವರು ಎಂದು ಹೇಳಿ ಬಾಗಿಲವರೆಗೆ ಹೋದರು. ಅಲ್ಲಿ ನಿಂತು ನನ್ನ ಕಡೆ ತಿರುಗಿದರು.

ಇಲ್ಲಿ ಒಂದು ವಿಷಯ ತಿಳಿಸಬೇಕು. ಗಿರಿನಗರದ ಅರ್ಜಿದಾರರ ಹೆಸರು ಅನ್ನಪೂರ್ಣ. ನಮ್ಮಿಬ್ಬರ ತಂದೆ ತಾಯಿ ಒಬ್ಬರೇ. ಬಳಗದ ಹಳಬರಿಗೆಲ್ಲ ಇದು ಗೊತ್ತು. ನಮ್ಮಿಬ್ಬರ ನಡುವೆ ಮಾತಿಲ್ಲ ಎನ್ನುವುದು ಇನ್ನೂ ಚೆನ್ನಾಗಿ ಗೊತ್ತು. ಅವರು ಕತ್ರಿಗುಪ್ಪೆಯ ಮನೆ ಬಿಟ್ಟು ಗಿರಿನಗರದಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದರು. ಆಮಂತ್ರಣ ಪತ್ರಿಕೆಯಲ್ಲಿ 'ತಮ್ಮ ಆಗಮನಾಭಿಲಾಷಿಗಳು' ಎಂದು ಕೆಳಗೆ ಒಂದು ಸಾಲು ಹೆಸರುಗಳಿರುತ್ತವಲ್ಲ? ಅದರಲ್ಲಿ ಅವರ ಗಂಡನ ಅಣ್ಣತಮ್ಮಂದಿರ ಹೆಸರಿತ್ತು, ಪಕ್ಕದ ಮನೆಯವರ ಹೆಸರಿತ್ತು, ನನ್ನ ಹೆಸರಿರಲಿಲ್ಲ. ಪ್ರೆಸ್ಸಿನವರು ಬಿಟ್ಟುಬಿಟ್ಟಿದ್ದಾರೆ ಎಂದು ಹೇಳಿ ಕಳಿಸಿದರು. ನಾನು ಅಕ್ಷರದ ಕೆಲಸದವನು. ಅರ್ಜಿಯಲ್ಲಿ ಒಂದು ಚುಕ್ಕೆ ತಪ್ಪಿದರೆ ಸಂಜೆಯೊಳಗೆ ಹಿಡಿಯುವವನು. ಅದು ಹೇಗೆ ನಂಬಲಿ? ಹೋಗಲಿಲ್ಲ. ಅಷ್ಟೇ ವಿಷಯ, ಅದಕ್ಕಿಂತ ಹೆಚ್ಚೇನಿಲ್ಲ. ಆ ಪತ್ರಿಕೆಯ ಕಾಗದ ಒಳ್ಳೆಯದಿತ್ತು, ತಿಳಿ ಹಳದಿ, ಅಂಚಿಗೆ ಮಾವಿನ ತೋರಣ. ಈಗಲೂ ನಮ್ಮ ಬೀರುವಿನಲ್ಲಿದೆ. ಯಾಕಿಟ್ಟಿದ್ದೇನೆ ಎಂದು ನನ್ನ ಹೆಂಡತಿ ಆಗಾಗ ಕೇಳುತ್ತಾಳೆ.

ಭಾನುವಾರಕ್ಕೆ ಬರುತ್ತೇನೆ. ಬಾಗಿಲಲ್ಲಿ ನಿಂತ ಅಧ್ಯಕ್ಷರು ನನಗೆ ಒಳ್ಳೆಯ ಮನಸ್ಸಿನಿಂದಲೇ ಒಂದು ಮಾತು ಹೇಳಿದರು. ಅವರ ಉದ್ದೇಶವನ್ನು ನಾನು ಅನುಮಾನಿಸುವುದಿಲ್ಲ. ಕೋಣೆಯಲ್ಲಿ ಒಬ್ಬರೇ ಉಳಿಯಬಾರದು ಎನ್ನುವುದಷ್ಟೇ ಅವರ ಚಿಂತೆ.

'ನೀನ್ಯಾಕಪ್ಪ ಹೊರಗೆ ಬರ್ತೀಯ, ನೀನು ಕೂತ್ಕೋ. ನಿಮ್ಮಿಬ್ಬರಿಗೂ ಮಾತೇ ಇಲ್ವಲ್ಲ, ಇನ್ನೇನು ಸಂಬಂಧ?'

ವರಾಂಡದಲ್ಲಿದ್ದವರು ನಕ್ಕರು. ನಿಯಮದ ಪ್ರಕಾರ ಯೋಚಿಸಿದರೆ ಅವರ ವಾದದಲ್ಲಿ ಹುರುಳಿತ್ತು. ಮಾತಿಲ್ಲದವರ ನಡುವೆ ಪಕ್ಷಪಾತ ಎಲ್ಲಿಂದ ಬರಬೇಕು? ನಾನು ಕುಳಿತುಕೊಳ್ಳಬಹುದಿತ್ತು. ಸಂಬಂಧವಿಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ವರಾಂಡದ ಬೆಂಚಿನ ಮೇಲೆ ಅರ್ಜಿದಾರರು ಕುಳಿತಿದ್ದರು, ಬಾಗಿಲು ತೆರೆದಿತ್ತು, ಅಷ್ಟು ಜನ ಮಾತು ನಿಲ್ಲಿಸಿ ಕೇಳುತ್ತಿದ್ದರು. ನನಗೆ ಯಾಕೋ ಕೋಪ ಬಂತು. ಅಧ್ಯಕ್ಷರ ಮೇಲಲ್ಲ. ಯಾರ ಮೇಲೆ ಎಂದು ನಾನು ಇನ್ನೂ ತೀರ್ಮಾನಿಸಿಲ್ಲ. ಎದ್ದು ನಿಂತು ಹೇಳಿದೆ.

'ಅನ್ನಪೂರ್ಣ ನನ್ನ ಸ್ವಂತ ಅಕ್ಕ. ನಾನು ಹೊರಗೆ ಹೋಗ್ತೀನಿ.'

ನಿಯಮ ಇಷ್ಟೇ ಕೇಳುತ್ತದೆ. ಹೇಳಬೇಕು, ಹೊರಗೆ ಹೋಗಬೇಕು.

ನಾನು ಹೊರಡುವಾಗ ಗೂಳಪ್ಪನವರು ಸುತ್ತಲಿನ ಖಾಲಿ ಕುರ್ಚಿಗಳನ್ನು ನೋಡಿ, 'ಎಲ್ಲಾರೂ ಹೊರಗ ಹೋದ್ರ ನಾ ಯಾರ ಜೋಡಿ ಚರ್ಚೆ ಮಾಡ್ಲಿರಿ, ಸರ?' ಎಂದು ಕೇಳಿದರು. ಫ್ಯಾನ್ ಹಾಕಿಕೊಟ್ಟು ಬಂದೆ. ಅವರು ಒಬ್ಬರೇ ಕುಳಿತು ಮೂರೂ ಅರ್ಜಿಗಳನ್ನು ಓದಿ, ತೀರ್ಮಾನ ಬರೆದು, ಕಾರಣಗಳನ್ನೂ ಬರೆದು, ಕವರಿನಲ್ಲಿ ಹಾಕಿ ಅಂಟಿಸಿ ಅಧ್ಯಕ್ಷರಿಗೆ ಕೊಟ್ಟಿದ್ದಾರೆ. ಅಲ್ಲಿಂದ ಇಲ್ಲಿಯವರೆಗೆ ಅದು ಅಧ್ಯಕ್ಷರ ಜುಬ್ಬದ ಜೇಬಿನಲ್ಲಿದೆ. ಬೇರೆ ಯಾರಿಗೂ ಗೊತ್ತಿಲ್ಲ. ಒಬ್ಬರೇ ನಿರ್ಧರಿಸಿದ್ದು ಸರಿಯೇ ಎಂದು ಕೇಳುವವರಿಗೆ ನನ್ನ ಉತ್ತರ, ಮುಂದಿನ ವರ್ಷ ನಮಗೆ ಸಂಬಂಧವೇ ಇಲ್ಲದ ಇನ್ನೂ ನಾಲ್ಕು ಜನರನ್ನು ದಯವಿಟ್ಟು ಬಳಗಕ್ಕೆ ಸೇರಿಸಿ.

ವರಾಂಡದಲ್ಲಿ ಏನು ನಡೆಯಿತು ಎನ್ನುವುದು ಈ ಭಾಷಣದ ವಿಷಯವಲ್ಲ. ಆದರೂ ಒಂದು ಭಾಗ ನಿಯಮಕ್ಕೆ ಸಂಬಂಧಪಟ್ಟಿದೆ, ಅದನ್ನು ಹೇಳುತ್ತೇನೆ. ನಿಲ್ಲಲು ಜಾಗವಿರಲಿಲ್ಲ. ಬೆಂಚಿನ ತುದಿಯಲ್ಲಿ ಒಬ್ಬರು ಸ್ವಲ್ಪ ಸರಿದು ಜಾಗ ಮಾಡಿದರು. ನಾನು ಕೂತೆ. ಬಹಳ ಹೊತ್ತು ಇಬ್ಬರೂ ಎದುರಿನ ಪಾರ್ಕಿನ ಗೇಟು ನೋಡುತ್ತಿದ್ದೆವು. ಆಮೇಲೆ ಅವರು ಗೇಟಿನ ಕಡೆ ನೋಡುತ್ತಲೇ ಕೇಳಿದರು.

'ಸಿಗ್ಲಿಲ್ಲ ಅಂದ್ರೆ?'

ಸಿಗದವರಿಗೆ ಯಾಕೆ ಸಿಗಲಿಲ್ಲ ಎಂದು ಕಾರಣ ತಿಳಿಸಬೇಕು, ಆಸ್ಟ್ರೇಲಿಯಾದಲ್ಲಿ ಹಾಗೇ ಮಾಡುತ್ತಾರೆ, ಮುಂದಿನ ಸಲ ಅರ್ಜಿ ಹಾಕುವವರಿಗೆ ಅದರಿಂದ ಅನುಕೂಲ ಎಂದು ವಿವರಿಸಿದೆ. ಯಾರು ತಿಳಿಸುತ್ತಾರೆ ಎಂದು ಕೇಳಿದರು. ನಿಯಮಾವಳಿ ಬರೆದವನು ನಾನಾದ್ದರಿಂದ ನಾನೇ ಎಂದೆ. ಆಗ ನನ್ನ ಕಡೆ ತಿರುಗಿದರು.

'ಹಂಗಾದ್ರೆ ಮನೆಗೆ ಬಂದು ಹೇಳು ವಿಜಿ. ಫೋನಲ್ಲಿ ಬೇಡ. ಮನೆ ನೋಡೇ ಇಲ್ವಲ್ಲ ನೀನು.'

ಸಭಿಕರೇ, ಸಿಕ್ಕಿದವರಿಗೆ ಕಾರಣ ತಿಳಿಸುವ ನಿಯಮವಿಲ್ಲ. ಅವರಿಗೆ ಅಂಚೆಯಲ್ಲಿ ಒಂದು ಪತ್ರ ಹೋಗುತ್ತದೆ, ಚೆಕ್ಕು ಹೋಗುತ್ತದೆ. ಯಾರೂ ಮನೆಗೆ ಹೋಗಬೇಕಾಗಿಲ್ಲ. ಅಕ್ಕನಿಗೆ ಈ ಯಂತ್ರ ಸಿಗಲಿ ಎಂದು ನಾನು ಈ ವಾರವೆಲ್ಲ ಬಯಸಿದ್ದೇನೆ. ಹತ್ತಿ ಹೊಸೆದು ಹೊಸೆದು ಅವಳ ಹೆಬ್ಬೆರಳು ಸೊಟ್ಟಗಾಗಿದೆ, ಬೆಂಚಿನ ಮೇಲೆ ಕೂತಾಗ ನೋಡಿದೆ. ಸಿಗದಿರಲಿ ಎಂದೂ ಬಯಸಿದ್ದೇನೆ. ಹೀಗೆ ಎರಡನ್ನೂ ಬಯಸುವವನನ್ನು ಯಾವ ದೇಶದ ಸರ್ಕಾರವೂ ಅರ್ಜಿ ಆರಿಸಲು ಕೂರಿಸಬಾರದು. ನಾನು ಹೊರಗೆ ನಿಂತದ್ದು ಸರಿಯೇ ಆಯಿತು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಇನ್ನು ಎಳೆಯುವುದಿಲ್ಲ. ದಯವಿಟ್ಟು ಕವರು ಕೊಡಿ, ಸಾರ್. ಇದನ್ನು ಸಭೆಯ ಎದುರಿಗೇ ಬಿಚ್ಚುತ್ತಿದ್ದೇನೆ. ಗೂಳಪ್ಪನವರು ಗೋಂದು ಚೆನ್ನಾಗಿ ಹಾಕಿದ್ದಾರೆ.

ಓದುತ್ತೇನೆ. ಈ ವರ್ಷದ ಉದ್ಯಮ ಅನುದಾನ ಕತ್ರಿಗುಪ್ಪೆಯ ಶ್ರೀಮತಿ ಈಶ್ವರಮ್ಮನವರ ಹಿಟ್ಟಿನ ಗಿರಣಿಗೆ.

ಜೋರಾಗಿ ಚಪ್ಪಾಳೆ ತಟ್ಟಿ. ಈಶ್ವರಮ್ಮನವರೇ, ಅಭಿನಂದನೆಗಳು. ವೇದಿಕೆಗೆ ಬನ್ನಿ, ನಿಧಾನವಾಗಿ, ಮೆಟ್ಟಿಲಿನ ಹತ್ತಿರ ವೈರಿದೆ.

ಉಳಿದ ಇಬ್ಬರ ವಿಷಯದಲ್ಲೂ ಗೂಳಪ್ಪನವರು ಕಾರಣ ಬರೆದಿದ್ದಾರೆ. ಕೈಲಾಸ್ ಅವರೇ, ನಿಮ್ಮ ಕಾರಣವನ್ನು ನಾಳೆ ಬೆಳಿಗ್ಗೆ ಫೋನಿನಲ್ಲಿ ತಿಳಿಸುತ್ತೇನೆ. ಇನ್ನೊಬ್ಬರದು ಇಲ್ಲಿ ಒಂದೇ ಸಾಲಿನಲ್ಲಿದೆ. ಯಂತ್ರ ಬಂದ ಮೇಲೆ ಆ ನಾಲ್ಕು ಹೆಂಗಸರು ಏನು ಮಾಡುತ್ತಾರೆ ಎಂದು ಅರ್ಜಿಯಲ್ಲಿ ಬರೆದಿಲ್ಲ. ನ್ಯಾಯವಾದ ಕಾರಣ. ನೋಡಿ, ಓದಿ ಮುಗಿಸಲು ಇಷ್ಟೇ ಹೊತ್ತು ಸಾಕಾಯಿತು. ಎಲ್ಲರೆದುರು ಓದಿಯೂ ಆಯಿತು. ಇನ್ನು ತಿಳಿಸಲು ಏನೂ ಉಳಿದಿಲ್ಲ ಎಂದು ಯಾರಾದರೂ ಹೇಳಬಹುದು.

ನಿಯಮಾವಳಿ ಬರೆದವನಾಗಿ ನನ್ನ ತೀರ್ಮಾನ ಬೇರೆ. ಇದನ್ನು ಅರ್ಜಿದಾರರ ಮನೆಯಲ್ಲಿ ಕುಳಿತು, ವಿವರವಾಗಿ, ಅವರಿಗೆ ಅರ್ಥವಾಗುವವರೆಗೆ ತಿಳಿಸಬೇಕಾಗುತ್ತದೆ. ಅವರು ಹಟಮಾರಿ, ಬೇಗ ಅರ್ಥವಾಗುವುದಿಲ್ಲ. ಒಂದು ದಿನದಲ್ಲಿ ಮುಗಿಯುತ್ತದೆ ಎಂದೂ ನನಗನಿಸುವುದಿಲ್ಲ.

ಅಕ್ಕ, ನಾಳೆ ಮಧ್ಯಾಹ್ನ ಊಟದ ಹೊತ್ತಿಗೆ ಬರ್ತೀನಿ. ಹಳೇ ಡಬ್ಬಿಗಳೂ ಒಂದಷ್ಟು ನನ್ನ ಹತ್ತಿರ ಉಳಿದುಬಿಟ್ಟಿವೆ, ತರ್ತೀನಿ.

ನನ್ನ ಮಾತನ್ನು ಹಸಿದುಕೊಂಡೇ ಕೇಳಿದ ನಿಮಗೆಲ್ಲ, ಒಬ್ಬರೇ ಕುಳಿತು ನಮ್ಮೆಲ್ಲರ ಕೆಲಸ ಮಾಡಿದ ಗೂಳಪ್ಪನವರಿಗೆ, ಕುಳಿತುಕೋ ಎಂದು ಹೇಳಿ ನನ್ನನ್ನು ಎಬ್ಬಿಸಿದ ಅಧ್ಯಕ್ಷರಿಗೆ ನನ್ನ ವಂದನೆಗಳು. ಊಟಕ್ಕೆ ಏಳಬಹುದು. ನಮಸ್ಕಾರ.